ಧೂಮಪಾನ ಬಿಡಿಸುವ ಆನ್‌ಲೈನ್ ನೆರವು: ಸಂಖ್ಯೆ ಪೊಟ್ಟಣದ ಮೇಲೆ, ಖರೀದಿ ಬಿಡಿಬಿಡಿಯಾಗಿ

ಜಮಖಂಡಿ: ಸಿಗರೇಟು ಪೊಟ್ಟಣ, ಬೀಡಿ ಕಟ್ಟು ಮತ್ತು ಜಗಿಯುವ ತಂಬಾಕಿನ ಚೀಟುಗಳ ಮೇಲೆ 2018ರ ಸೆಪ್ಟೆಂಬರ್ 1ರಿಂದ ಒಂದು ದೂರವಾಣಿ ಸಂಖ್ಯೆಯನ್ನು ಮುದ್ರಿಸುವುದು ಕಡ್ಡಾಯವಾಗಿದೆ. 1800-11-2356 ಎಂಬ ಆ ಸಂಖ್ಯೆಗೆ ಕರೆ ಮಾಡಿದರೆ ತಂಬಾಕು ಬಿಡಲು ಬಯಸುವವರಿಗೆ ಆಪ್ತ ಸಮಾಲೋಚನೆ ದೊರೆಯುತ್ತದೆ. ಕರೆಗೆ ಶುಲ್ಕವಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೇಂದ್ರ ಸ್ವೀಕರಿಸುವುದರಿಂದ ಕನ್ನಡದಲ್ಲಿಯೇ ಮಾತನಾಡಬಹುದು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಸರಳವಾದ ವ್ಯವಸ್ಥೆ ಮತ್ತೊಂದಿರಲಾರದು.

ಆದರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ಪಾನ್ ಅಂಗಡಿಗಳಲ್ಲಿ ವ್ಯಾಪಾರ ನಡೆಯುವ ರೀತಿಯೇ ಬೇರೆ. ಗಿರಾಕಿ ಕೇಳುವುದು ಒಂದು ಸಿಗರೇಟು. ಅಂಗಡಿಯಾತ ಪೊಟ್ಟಣದಿಂದ ಅದೊಂದನ್ನೇ ತೆಗೆದು ಕೊಡುತ್ತಾನೆ. ಎಚ್ಚರಿಕೆಯ ಚಿತ್ರ ಮತ್ತು ನೆರವಿನ ಸಂಖ್ಯೆ ಇರುವ ಪೊಟ್ಟಣ ಅಂಗಡಿಯೊಳಗೇ ಉಳಿಯುತ್ತದೆ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ಅಂಗಡಿಯಲ್ಲಿಯೇ ತಯಾರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಡುವ ಮಾವಾಕ್ಕೆ ಪೊಟ್ಟಣವೇ ಇಲ್ಲ. ಆದ್ದರಿಂದ ಸಂಖ್ಯೆಯೂ ಇಲ್ಲ. ಚಟ ಬಿಡಿಸುವ ನೆರವನ್ನು ಸರ್ಕಾರ ಯಾರ ಕೈಗೆ ಮುಟ್ಟಿಸಲು ಹೊರಟಿದೆಯೋ ಅವರ ಕೈಗೆ ಆ ಕಾಗದವೇ ಬರುತ್ತಿಲ್ಲ.

ದೂರವಾಣಿ, ಕಿರುಸಂದೇಶ ಮತ್ತು ಮೊಬೈಲ್ ಆ್ಯಪ್‌ಗಳ ಮೂಲಕ ಗಂಡಸರ ಧೂಮಪಾನ ಬಿಡಿಸುವ ಯೋಜನೆಗಳ ಬಗ್ಗೆ ಮಾತನಾಡುವಾಗ ತಂತ್ರಜ್ಞಾನದ ಚರ್ಚೆಯೇ ಮುಂದಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಕೊರತೆ ಇರುವುದು ತಂತ್ರಜ್ಞಾನದಲ್ಲಲ್ಲ, ಅದು ಜನರ ದಿನಚರಿಯನ್ನು ಮುಟ್ಟುವ ಕೊನೆಯ ಹಂತದಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಲಭ್ಯವಿರುವ ನೆರವು

ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ದೇಶದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ 2002ರಲ್ಲಿ ಆರಂಭವಾದವು. ಮೊದಲ ಕೇಂದ್ರಗಳ ಪಟ್ಟಿಯಲ್ಲಿ ನಿಮ್ಹಾನ್ಸ್ ಕೂಡ ಇತ್ತು. ಆದರೆ ದೊಡ್ಡ ನಗರದ ಆಸ್ಪತ್ರೆಗೆ ಬೀಡಿ ಬಿಡಲೆಂದು ಕೂಲಿ ಕಳೆದುಕೊಂಡು ಹೋಗುವವರು ವಿರಳ. ಈ ಅಂತರ ತುಂಬಲು ಫೋನನ್ನು ಬಳಸುವ ಆಲೋಚನೆ ಬಂತು.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಹಯೋಗದಲ್ಲಿ ಎಂ-ಸೆಸೇಶನ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ನೋಂದಣಿ ಆಗಿ ದಿನವೂ ಸಂದೇಶಗಳು ಬರತೊಡಗುತ್ತವೆ. ಆರಂಭದಲ್ಲಿ ಅವು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ರಾಷ್ಟ್ರೀಯ ಕ್ವಿಟ್‌ಲೈನ್ ಕಾರ್ಯಾರಂಭ ಮಾಡಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ಗುವಾಹಟಿಯ ಬರುವಾ ಕ್ಯಾನ್ಸರ್ ಸಂಸ್ಥೆಗಳಿಗೆ ಅದು ವಿಸ್ತರಣೆಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ 2021ರಲ್ಲಿ ಮೊಬೈಲ್ ಆ್ಯಪ್ ಒಂದನ್ನೂ ಬಿಡುಗಡೆ ಮಾಡಿತು.

ಇವೆಲ್ಲವುಗಳ ಒಳಗಿನ ಕ್ರಮ ಬಹುತೇಕ ಒಂದೇ. ಮೊದಲು ವ್ಯಕ್ತಿ ದಿನಕ್ಕೆ ಎಷ್ಟು ಸೇದುತ್ತಾನೆ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತಾನೆ ಎಂಬುದನ್ನು ಕೇಳಿ ತಿಳಿದುಕೊಳ್ಳಲಾಗುತ್ತದೆ. ಎದ್ದ ಕೂಡಲೇ ಬೇಕೆನಿಸಿದರೆ ಅವಲಂಬನೆ ಗಾಢವಾಗಿದೆ ಎಂದರ್ಥ. ಬಳಿಕ ಬಿಡುವ ದಿನಾಂಕವೊಂದನ್ನು ಆತನಿಂದಲೇ ಗೊತ್ತುಮಾಡಿಸಲಾಗುತ್ತದೆ. ಯಾವ ಸಂದರ್ಭದಲ್ಲಿ ಆಸೆ ಹುಟ್ಟುತ್ತದೆ ಎಂಬುದನ್ನು ಗುರುತಿಸಲು ಹೇಳಲಾಗುತ್ತದೆ: ಚಹಾದ ನಂತರವೋ, ಊಟದ ನಂತರವೋ, ಗೆಳೆಯರ ಜತೆಗೋ, ಸಿಟ್ಟು ಬಂದಾಗಲೋ.

ದೇಹದ ಲೆಕ್ಕವೂ ಇದಕ್ಕೆ ತಳಹದಿಯಾಗಿದೆ. ರಕ್ತದಲ್ಲಿನ ನಿಕೋಟಿನ್ ಪ್ರಮಾಣ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿಯೇ ಎರಡು ಗಂಟೆಗೊಮ್ಮೆ ಕೈ ಜೇಬಿಗೆ ಹೋಗುತ್ತದೆ. ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಚಡಪಡಿಕೆ, ಸಿಡುಕು, ನಿದ್ರೆಗೇಡು ತೀವ್ರವಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಒಂದೊಂದು ಸಲದ ತೀವ್ರ ಆಸೆ ಮಾತ್ರ ಕೆಲವೇ ನಿಮಿಷಗಳದ್ದು. ಆ ಕೆಲವು ನಿಮಿಷಗಳನ್ನು ದಾಟಿಸುವುದೇ ಸಂದೇಶ ಮತ್ತು ಕರೆಗಳ ಕೆಲಸ. ಸ್ವಲ್ಪ ತಡೆಯಿರಿ, ನೀರು ಕುಡಿಯಿರಿ, ದೀರ್ಘವಾಗಿ ಉಸಿರಾಡಿ, ಕೈಗೆ ಬೇರೆ ಕೆಲಸ ಕೊಡಿ ಎಂಬ ಸಲಹೆಗಳು ಕೇಳಲು ಸಾಮಾನ್ಯವೆನಿಸಿದರೂ ಸರಿಯಾದ ಗಳಿಗೆಗೆ ಬಂದರೆ ಪ್ರಯೋಜನಕಾರಿ.

ಪರಿಣಾಮ ಎಷ್ಟು?

ಈ ವಿಧಾನಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹೌದು, ಆದರೆ ಮಿತವಾಗಿ. ಬ್ರಿಟನ್ನಿನಲ್ಲಿ ಸುಮಾರು 5,800 ಮಂದಿ ಧೂಮಪಾನಿಗಳ ಮೇಲೆ ನಡೆದ ಟೆಕ್ಸ್ಟ್-ಟು-ಸ್ಟಾಪ್ ಎಂಬ ಅಧ್ಯಯನದ ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರೇರಣೆಯ ಸಂದೇಶಗಳನ್ನು ಪಡೆದವರಲ್ಲಿ ಶೇ 10.7ರಷ್ಟು ಮಂದಿ ಆರು ತಿಂಗಳ ನಂತರವೂ ಧೂಮಪಾನದಿಂದ ದೂರವಿದ್ದರು. ಬೇರೆ ವಿಷಯದ ಸಂದೇಶಗಳನ್ನು ಪಡೆದವರಲ್ಲಿ ಈ ಪ್ರಮಾಣ ಶೇ 4.9. ಬಾಯಿಮಾತನ್ನಷ್ಟೇ ನಂಬದೆ ಪ್ರಯೋಗಾಲಯದ ಪರೀಕ್ಷೆಯಿಂದ ದೃಢಪಡಿಸಿಕೊಂಡ ಲೆಕ್ಕ ಇದು.

ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯೂ ಕಿರುಸಂದೇಶಗಳ ಪರವಾಗಿಯೇ ತೀರ್ಪು ನೀಡಿತು. ಸ್ಮಾರ್ಟ್‌ಫೋನ್ ಆ್ಯಪ್‌ಗಳ ವಿಷಯದಲ್ಲಿ ಮಾತ್ರ ಆಗ ಸಾಕಷ್ಟು ಪುರಾವೆ ಕಾಣಲಿಲ್ಲ. 2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ತಂಬಾಕು ಬಿಡಿಸುವ ಚಿಕಿತ್ಸೆಯ ಕುರಿತು ತನ್ನ ಮೊದಲ ಮಾರ್ಗಸೂಚಿಯನ್ನು ಹೊರಡಿಸಿತು. ಔಷಧ ಮತ್ತು ಸಮಾಲೋಚನೆ ಎರಡನ್ನೂ ಕೂಡಿಸಿ ನೀಡುವುದು ಉತ್ತಮವೆಂದೂ ಸಂದೇಶ, ಆ್ಯಪ್, ಅಂತರ್ಜಾಲ ಕಾರ್ಯಕ್ರಮಗಳನ್ನು ಅವುಗಳ ಜತೆಗೆ ಪೂರಕವಾಗಿ ಬಳಸಬಹುದೆಂದೂ ಅದು ಹೇಳಿದೆ. ಜಗತ್ತಿನ 125 ಕೋಟಿ ತಂಬಾಕು ಬಳಕೆದಾರರಲ್ಲಿ 75 ಕೋಟಿಗೂ ಹೆಚ್ಚು ಮಂದಿಗೆ ಬಿಡುವ ಆಸೆಯಿದೆ, ಆದರೆ ಶೇ 70ರಷ್ಟು ಜನರಿಗೆ ಪರಿಣಾಮಕಾರಿ ಸೇವೆ ಸಿಗುತ್ತಿಲ್ಲ ಎಂಬುದು ಅದೇ ಸಂಸ್ಥೆಯ ಅಂದಾಜು.

ನೂರರಲ್ಲಿ ಹತ್ತು ಮಂದಿ ಬಿಟ್ಟರೆ ಅದೇನು ದೊಡ್ಡ ಸಾಧನೆ ಎಂದು ಮೂಗು ಮುರಿಯುವುದು ಸುಲಭ. ಯಾರ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ದೀರ್ಘಕಾಲ ಗೆಲ್ಲುವವರು ನೂರಕ್ಕೆ ಮೂರರಿಂದ ಐದು ಮಂದಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಈ ಅಂಕಿಯ ಬೆಲೆ ತಿಳಿಯುತ್ತದೆ. ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು 13.5 ಲಕ್ಷ ಜನ ಸಾಯುತ್ತಿದ್ದಾರೆ. ಸಂದೇಶವೊಂದಕ್ಕೆ ತಗಲುವ ವೆಚ್ಚ ಪೈಸೆಗಳ ಲೆಕ್ಕದ್ದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಆರೋಗ್ಯ ಯೋಜನೆಗಳು ಬಹಳ ಇಲ್ಲ. ಆದ್ದರಿಂದಲೇ ಅದು ತಲುಪದಿರುವುದು ಚಿಂತೆಯ ವಿಷಯ.

ನಾಲ್ಕು ಊರು, ದುಡಿಮೆಯ ವೇಳಾಪಟ್ಟಿ

ಕ್ವಿಟ್‌ಲೈನ್ ಕೆಲಸ ಮಾಡುವುದು ಮಂಗಳವಾರದಿಂದ ಭಾನುವಾರದವರೆಗೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಸೋಮವಾರ ರಜೆ. ಕಚೇರಿ ನೌಕರನಿಗೆ ಇದು ಅನುಕೂಲಕರ ವೇಳೆ. ಈ ಭಾಗದ ದುಡಿಯುವ ಗಂಡಸಿನ ಗಡಿಯಾರ ಬೇರೆ.

ರಬಕವಿ-ಬನಹಟ್ಟಿ ನೇಕಾರರ ಅವಳಿ ಪಟ್ಟಣ. ವಿದ್ಯುತ್ ಮಗ್ಗದ ಸದ್ದಿನ ನಡುವೆ ಫೋನಿನಲ್ಲಿ ಮಾತನಾಡುವುದು ಅಸಾಧ್ಯ. ಮಗ್ಗ ಬಿಟ್ಟು ಹೊರಬಂದರೆ ನೇಯುವುದು ನಿಲ್ಲುತ್ತದೆ, ನೇಯ್ದಷ್ಟೇ ಕೂಲಿ. ನೂಲು ಮತ್ತು ಬಟ್ಟೆಯ ನಡುವೆ ಬೆಂಕಿಯ ಕಿಡಿ ಅಪಾಯಕಾರಿಯಾದ್ದರಿಂದ ಬೀಡಿಗಾಗಿ ಹೊರಗೆ ಹೋಗಬೇಕು. ದವಡೆಯಲ್ಲಿಟ್ಟುಕೊಳ್ಳುವ ತಂಬಾಕಿಗೆ ಆ ತೊಂದರೆಯಿಲ್ಲ, ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತವೆ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡುವ ಶ್ವಾಸಕೋಶಕ್ಕೆ ಬೀಡಿಯ ಹೊಗೆ ಸೇರಿದರೆ ಹಾನಿ ಇಮ್ಮಡಿಸುತ್ತದೆ ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ.

ಮುಧೋಳ ಮತ್ತು ಜಮಖಂಡಿ ಕಬ್ಬಿನ ನಾಡು. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ರಾಜ್ಯದಾಚೆಗೂ ಹೋಗಿದೆ. ಅಕ್ಟೋಬರ್-ನವೆಂಬರ್‌ನಲ್ಲಿ ಕಾರ್ಖಾನೆಗಳ ಹಂಗಾಮು ಆರಂಭವಾದರೆ ಬೇಸಿಗೆಯ ಬಾಗಿಲಿನವರೆಗೆ ಬಿಡುವಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳು ನಸುಕಿನಲ್ಲಿಯೇ ಗದ್ದೆಗೆ ಇಳಿಯುತ್ತವೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಚಾಲಕರು ಕಾರ್ಖಾನೆಯ ಆವರಣದಲ್ಲಿ ತಮ್ಮ ಸರದಿಗಾಗಿ ತಾಸುಗಟ್ಟಲೆ, ಕೆಲವೊಮ್ಮೆ ಇಡೀ ರಾತ್ರಿ ಕಾಯುತ್ತಾರೆ. ನಿದ್ದೆ ತಡೆಯಲು, ಚಳಿ ಕಳೆಯಲು, ಹೊತ್ತು ದೂಡಲು ಬೀಡಿಯೇ ಸಂಗಾತಿ. ಅದೇ ಹೊತ್ತಿಗೆ ಸಹಾಯವಾಣಿ ಮುಚ್ಚಿರುತ್ತದೆ.

ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದ ಊರುಗಳ ಕುಟುಂಬಗಳು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿವೆ. ನೀರಾವರಿ ಇರುವ ರೈತ ತ್ರೀ-ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದಾಗ ಪಂಪ್‌ಸೆಟ್ ಬಳಿ ಎಚ್ಚರವಿರಲೇಬೇಕು. ಅವನ ಬಳಿ ಈಗ ಮೊಬೈಲ್ ಇದೆ, ಅದರಲ್ಲಿ ವಿಡಿಯೊ ನೋಡುತ್ತಾನೆ, ವಾಟ್ಸ್‌ಆ್ಯಪ್ ಓದುತ್ತಾನೆ. ಅಂದರೆ ಸಾಧನ ಅವನ ಕೈಯಲ್ಲಿದೆ. ಅದರೊಳಗೆ ಅವನ ಭಾಷೆಯಲ್ಲಿ, ಅವನ ಹೊತ್ತಿಗೆ ಬರುವ ಮಾತು ಇಲ್ಲ.

ರಾತ್ರಿಯ ಹೊತ್ತಿಗೆ ಇರುವ ಒಂದು ದಾರಿ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಮಾನಸಿಕ ಆರೋಗ್ಯ ಸಹಾಯವಾಣಿ (14416) ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೂ ಲಭ್ಯ. ಆದರೆ ಮಾನಸಿಕ ಆರೋಗ್ಯ ಎಂಬ ಹೆಸರು ಕೇಳಿದೊಡನೆ ಹಿಂದೆ ಸರಿಯುವವರೇ ಬಹಳ. ಬೀಡಿ ಬಿಡಲು ಅಲ್ಲಿಗೂ ಕೇಳಬಹುದೆಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಸಿಗರೇಟಿನ ಪಾಠ, ತಂಬಾಕಿನ ಊರು

ಇನ್ನೊಂದು ಹೊಂದಾಣಿಕೆಯ ಕೊರತೆಯೂ ಇದೆ. ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡ ಆನ್‌ಲೈನ್ ಕಾರ್ಯಕ್ರಮಗಳೆಲ್ಲ ಸಿಗರೇಟನ್ನು ಕೇಂದ್ರದಲ್ಲಿಟ್ಟುಕೊಂಡಿವೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಗಂಡಸರಲ್ಲಿ ಈ ಪ್ರಮಾಣ ಶೇ 35.2, ಹೆಂಗಸರಲ್ಲಿ ಶೇ 10.3. ಹೊಗೆ ಸೇದುವವರು ಶೇ 8.8 ಆದರೆ ಹೊಗೆರಹಿತ ತಂಬಾಕು ಬಳಸುವವರು ಶೇ 16.3, ಅಂದರೆ ಹೆಚ್ಚುಕಡಿಮೆ ಇಮ್ಮಡಿ. ದೇಶದ ಮಟ್ಟದಲ್ಲಿ ನೋಡಿದರೂ ಸಿಗರೇಟಿಗಿಂತ ಬೀಡಿ ಸೇದುವವರೇ ಹೆಚ್ಚು.

ನೆರೆಯ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಪೇಟೆ. ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು 1981ರಲ್ಲಿ ಅಲ್ಲಿ ನಡೆದ ರೈತರ ಚಳವಳಿ ಇತಿಹಾಸದ ಭಾಗವಾಗಿದೆ. ಹೀಗೆ ತಂಬಾಕು ಈ ಸೀಮೆಗೆ ಹೊರಗಿನಿಂದ ಬಂದ ಫ್ಯಾಷನ್ ಅಲ್ಲ. ಬೆಳೆಯಾಗಿ, ಕೂಲಿಯಾಗಿ, ಅತಿಥಿ ಸತ್ಕಾರದ ಎಲೆ-ಅಡಿಕೆಯ ತಟ್ಟೆಯಾಗಿ ಬದುಕಿನಲ್ಲಿ ಬೆರೆತಿದೆ. ಅಂಗೈಯಲ್ಲಿ ಸುಣ್ಣದೊಡನೆ ತಂಬಾಕು ತಿಕ್ಕಿ ಪಕ್ಕದವನಿಗೂ ಒಂದು ಚಿಟಿಕೆ ನೀಡುವುದು ಇಲ್ಲಿ ಸ್ನೇಹದ ಕುರುಹು. ಬೇಡವೆಂದರೆ ಮನಸ್ತಾಪ. ಹೀಗೆ ನೀಡಿದ ಚಿಟಿಕೆಯನ್ನು ಮುಖ ಮುರಿಯದೆ ನಿರಾಕರಿಸುವುದು ಹೇಗೆ ಎಂಬುದನ್ನು ಯಾವ ವಿದೇಶಿ ಆ್ಯಪ್ ಕೂಡ ಕಲಿಸುವುದಿಲ್ಲ.

ಅನೇಕರು ಬೀಡಿ ಬಿಟ್ಟು ಮಾವಾ ಹಿಡಿಯುತ್ತಾರೆ. ಹೊಗೆ ನಿಂತಿತೆಂದು ಮನೆಯವರಿಗೂ ಸಮಾಧಾನ. ಆದರೆ ನಿಕೋಟಿನ್ ಅವಲಂಬನೆ ಹಾಗೆಯೇ ಉಳಿಯುತ್ತದೆ, ಬಾಯಿ ಕ್ಯಾನ್ಸರಿನ ಅಪಾಯ ಅದಕ್ಕೆ ಸೇರುತ್ತದೆ. ರಾಜ್ಯ ಸರ್ಕಾರ 2013ರಲ್ಲಿಯೇ ಗುಟ್ಕಾವನ್ನು ನಿಷೇಧಿಸಿತು. ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆ ಬೇರೆ ಚೀಟುಗಳಲ್ಲಿ ಮಾರುವ ಉಪಾಯದಿಂದ ಆ ನಿಷೇಧದ ಬಿಸಿ ತಣ್ಣಗಾಯಿತು. ಆದ್ದರಿಂದ ಈ ಭಾಗಕ್ಕೆ ಬೇಕಾದುದು ಧೂಮಪಾನವನ್ನಷ್ಟೇ ಗುರಿಯಾಗಿಸಿದ ಯೋಜನೆಯಲ್ಲ, ಹೊಗೆ ಮತ್ತು ಜಗಿತ ಎರಡನ್ನೂ ಒಟ್ಟಿಗೆ ಹಿಡಿಯುವ ಯೋಜನೆ. ಹೊಗೆರಹಿತ ತಂಬಾಕು ಬಿಡಿಸಲು ತೀವ್ರ ಸಮಾಲೋಚನೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ಹೇಳುತ್ತದೆ.

ಗಂಡಸರು ಕೇಳುವುದಿಲ್ಲವೇಕೆ?

ಬಿಡುವ ಆಸೆ ಇಲ್ಲವೆಂದಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳ ಪೈಕಿ ಶೇ 55.4ರಷ್ಟು ಮಂದಿ ಬಿಡುವ ಯೋಚನೆಯಲ್ಲಿರುವುದಾಗಿ ಹೇಳಿದ್ದರು. ಆದರೂ ನೆರವು ಕೇಳುವುದು ದೌರ್ಬಲ್ಯದ ಲಕ್ಷಣವೆಂಬ ಭಾವನೆ ಗಂಡಸರಲ್ಲಿ ಆಳವಾಗಿದೆ. ಮನಸ್ಸು ಮಾಡಿದರೆ ನಾಳೆಯೇ ಬಿಟ್ಟೇನು ಎಂಬ ಮಾತು ಪ್ರತಿ ಕಟ್ಟೆಯ ಮೇಲೂ ಕೇಳಿಬರುತ್ತದೆ. ನಾಳೆ ಬರುವುದಿಲ್ಲ. ಎರಡು ದಿನ ಬಿಟ್ಟು ಮೂರನೆಯ ದಿನ ಮತ್ತೆ ಹಚ್ಚಿದವನನ್ನು ಗೆಳೆಯರು ನಗೆಪಾಟಲು ಮಾಡುತ್ತಾರೆ. ಆ ನಾಚಿಕೆಯಿಂದ ಆತ ಮತ್ತೊಮ್ಮೆ ಪ್ರಯತ್ನಿಸುವ ಗೊಡವೆಗೇ ಹೋಗುವುದಿಲ್ಲ. ನಿಜವಾಗಿ, ಬಿಟ್ಟು ಗೆದ್ದವರಲ್ಲಿ ಹೆಚ್ಚಿನವರು ಹಲವು ಬಾರಿ ಸೋತು ಎದ್ದವರೇ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಸಂಶೋಧಕರು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಗಂಡಸರಿಗೆಂದೇ ಕ್ವಿಟ್‌ನೌ ಮೆನ್ ಎಂಬ ಆನ್‌ಲೈನ್ ಕಾರ್ಯಕ್ರಮವನ್ನೂ ಧೂಮಪಾನಿ ತಂದೆಯರಿಗಾಗಿ ಡ್ಯಾಡ್ಸ್ ಇನ್ ಗಿಯರ್ ಎಂಬ ಇನ್ನೊಂದು ಕಾರ್ಯಕ್ರಮವನ್ನೂ ರೂಪಿಸಿದರು. ಅವುಗಳ ಹಿಂದಿನ ತಿಳಿವಳಿಕೆ ಸರಳ. ಗಂಡಸರನ್ನು ಗದರಿಸಿ, ಹೆದರಿಸಿ, ನಾಚಿಸಿ ಪ್ರಯೋಜನವಿಲ್ಲ. ಚುಟುಕಾದ, ಉಪಯುಕ್ತವಾದ ಮಾಹಿತಿ ಕೊಟ್ಟು ನಿರ್ಧಾರವನ್ನು ಅವರ ಕೈಗೇ ಬಿಡಬೇಕು. ಮಕ್ಕಳು, ಮೈಯ ಕಸುವು, ದುಡ್ಡು ಇವುಗಳ ಜತೆ ಆ ನಿರ್ಧಾರವನ್ನು ಜೋಡಿಸಬೇಕು.

ಈ ತಿಳಿವಳಿಕೆಯನ್ನು ಬನಹಟ್ಟಿಗೆ ಅನ್ವಯಿಸುವುದು ಕಷ್ಟವಲ್ಲ. ದಿನಕ್ಕೆ 50 ರೂಪಾಯಿಯನ್ನು ಬೀಡಿ-ಮಾವಾಕ್ಕೆ ಹಾಕುವವನ ಕೈಯಿಂದ ವರ್ಷಕ್ಕೆ 18,250 ರೂಪಾಯಿ ಹೋಗುತ್ತದೆ. ಮಗಳ ಕಾಲೇಜು ಶುಲ್ಕದ ತಿಂಗಳಲ್ಲಿ ಈ ಲೆಕ್ಕ ಕಾಣಿಸುವ ಒಂದು ಸಂದೇಶ, ಕ್ಯಾನ್ಸರಿನ ಹತ್ತು ಚಿತ್ರಗಳಿಗಿಂತ ಹೆಚ್ಚು ಮಾತನಾಡಬಲ್ಲದು. ಬಿಟ್ಟ 20 ನಿಮಿಷಗಳಲ್ಲಿ ನಾಡಿಬಡಿತ ತಗ್ಗುತ್ತದೆ, ವರ್ಷ ತುಂಬುವಷ್ಟರಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ ಎಂಬ ಮಾತನ್ನು ಗ್ರಂಥಭಾಷೆಯಲ್ಲಿ ಹೇಳುವ ಬದಲು ಈ ಸೀಮೆಯ ಆಡುಮಾತಿನ ಧ್ವನಿಮುದ್ರಣದಲ್ಲಿ ಕೇಳಿಸಿದರೆ ಓದಲು ಬಾರದವನಿಗೂ ತಲುಪುತ್ತದೆ.

ಜೋಳಿಗೆ ಕಲಿಸಿದ್ದು

ಚಟ ಬಿಡಿಸುವ ಕೆಲಸದಲ್ಲಿ ಬಾಗಲಕೋಟೆ ಜಿಲ್ಲೆಗೆ ತನ್ನದೇ ಆದ ಪರಂಪರೆಯಿದೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಆರಂಭಿಸಿದ ಮಹಾಂತ ಜೋಳಿಗೆ ಉತ್ತರ ಕರ್ನಾಟಕದ ಮನೆಮಾತು. ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಬೇಡಿದ್ದು ಕಾಣಿಕೆಯನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ಬೀಡಿ, ತಂಬಾಕುಗಳನ್ನು ಜೋಳಿಗೆಗೆ ಹಾಕಿ ಇನ್ನು ಮುಟ್ಟುವುದಿಲ್ಲವೆಂದು ಜನ ಮಾತು ಕೊಟ್ಟರು. ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಜೋಳಿಗೆಗೆ ಚಟ ಹಾಕಿದವರೆಲ್ಲರೂ ಕೊನೆಯವರೆಗೆ ಮಾತು ಉಳಿಸಿಕೊಂಡರೇ ಎಂದು ಅಳೆದ ಅಂಕಿ-ಅಂಶಗಳಿಲ್ಲದೆ ಯಾರೂ ಹೇಳಲಾರರು. ಆದರೆ ಅದರ ಕ್ರಮವನ್ನು ಗಮನಿಸಿದರೆ ಇಂದಿನ ಸಮಾಲೋಚನಾ ಶಾಸ್ತ್ರಕ್ಕೆ ಅದು ದೂರವಿಲ್ಲ. ಅಲ್ಲಿ ನಿಗದಿತ ದಿನವಿತ್ತು. ನಾಲ್ಕು ಜನರ ಮುಂದೆ ಕೊಟ್ಟ ಮಾತಿತ್ತು. ಬೇಡಲು ಬಂದವರು ಬೈಯಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರಿಗೆ ಮಾತು ಕೊಟ್ಟೆನೋ ಅವರು ಮತ್ತೆ ಎದುರಾಗಿ ಕೇಳಿಯಾರು ಎಂಬ ಅಳುಕಿತ್ತು.

ಯಂತ್ರ ಕಳಿಸುವ ಸಂದೇಶದಲ್ಲಿ ಕಾಣೆಯಾಗಿರುವುದು ಈ ಕೊನೆಯ ಅಂಶವೇ. ಗೊತ್ತಿಲ್ಲದ ಸಂಖ್ಯೆಯಿಂದ ಬಂದ ಸಂದೇಶಕ್ಕೆ ಉತ್ತರಿಸದಿದ್ದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಕ್ವಿಟ್‌ಲೈನ್‌ನಲ್ಲಿ ಸಮಾಲೋಚಕರು ತಾವೇ ಮರಳಿ ಕರೆ ಮಾಡಿ ವಿಚಾರಿಸುವ ಪದ್ಧತಿ ಇದೆ. ಅದರ ಶಕ್ತಿ ಇರುವುದು ಅಲ್ಲಿಯೇ. ಆ ದೂರದ ದನಿಗೆ ಊರಿನ ಒಂದು ಮುಖವೂ ಜತೆಯಾದರೆ ಫಲ ಹೆಚ್ಚುವುದರಲ್ಲಿ ಅನುಮಾನವಿಲ್ಲ. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, ನೇಕಾರ ಸಂಘದ ಹಿರಿಯ, ಕಾರ್ಖಾನೆಯ ಪಾಳಿ ಮುಖ್ಯಸ್ಥ ಇವರಲ್ಲಿ ಯಾರಾದರೂ ಆಗಬಹುದು.

ಅಂತರ್ಜಾಲದ ಬಲೆ

ಆನ್‌ಲೈನ್ ನೆರವಿನ ಹೆಸರಿನಲ್ಲಿ ಮೋಸವೂ ಇದೆ. ಮನೆಯವರು ಊಟದಲ್ಲಿ ಬೆರೆಸಿ ಕೊಟ್ಟರೆ ಚಟಗಾರನಿಗೆ ತಿಳಿಯದಂತೆಯೇ ಚಟ ಬಿಡುತ್ತದೆ ಎನ್ನುವ ಪುಡಿಗಳ ಜಾಹೀರಾತುಗಳು ಮೊಬೈಲ್ ತೆರೆದರೆ ಕಾಣಿಸುತ್ತವೆ. ಬಿಡುವವನ ಇಚ್ಛೆಯಿಲ್ಲದೆ ಬಿಡಿಸುವ ಔಷಧವನ್ನು ವೈದ್ಯವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ. ಏನು ಬೆರೆತಿದೆಯೆಂದು ತಿಳಿಯದ ಪುಡಿಯನ್ನು ಮತ್ತೊಬ್ಬರ ಊಟಕ್ಕೆ ಹಾಕುವುದು ಅಪಾಯಕಾರಿ.

ಇ-ಸಿಗರೇಟನ್ನು ಧೂಮಪಾನ ಬಿಡುವ ಸಾಧನವೆಂದು ಅಂತರ್ಜಾಲದಲ್ಲಿ ಹೊಗಳುವವರೂ ಇದ್ದಾರೆ. ಕರ್ನಾಟಕ 2016ರಲ್ಲಿಯೇ ಅದನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಅದರಂತೆ ಇ-ಸಿಗರೇಟಿನ ತಯಾರಿಕೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬದಲಿಗೆ 2 ಮಿಲಿಗ್ರಾಂ ನಿಕೋಟಿನ್ ಚ್ಯೂಯಿಂಗ್ ಗಮ್ ಔಷಧದಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆಯೂ ದೊರೆಯುತ್ತದೆ. ಹೃದ್ರೋಗ ಮೊದಲಾದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ.

ಕಾನೂನು ಇದೆ, ಕೈ ಬೇಕು

ಪೊಟ್ಟಣದ ಮೇಲಿನ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. 2016ರ ಏಪ್ರಿಲ್‌ನಿಂದ ಪೊಟ್ಟಣದ ಶೇ 85 ಭಾಗವನ್ನು ಎಚ್ಚರಿಕೆಗೆ ಮೀಸಲಿಟ್ಟ ನಿಯಮವನ್ನು ತಂಬಾಕು ಉದ್ಯಮ ಪ್ರಶ್ನಿಸಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿಯಮವನ್ನು ರದ್ದುಪಡಿಸಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಎಚ್ಚರಿಕೆಯ ಚಿತ್ರ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಸಿಗರೇಟು ಸೇದುವವರಲ್ಲಿ ಸುಮಾರು ಶೇ 62, ಬೀಡಿ ಸೇದುವವರಲ್ಲಿ ಶೇ 54ರಷ್ಟು ಮಂದಿ 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ತಿಳಿಸಿದ್ದರು. ಕಣ್ಣಿಗೆ ಬಿದ್ದರೆ ಎಚ್ಚರಿಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಿಡಿ ಮಾರಾಟದ ಮೇಲೆ ರಾಜ್ಯ ಸರ್ಕಾರ 2017ರಲ್ಲಿಯೇ ನಿರ್ಬಂಧ ಹೇರಿತ್ತು. 2024ರಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಕಾಯ್ದೆ ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 21 ಆಯಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿಗೆ ಏರಿತು, ಬಿಡಿ ಸಿಗರೇಟಿನ ಮಾರಾಟವೂ ನಿಷಿದ್ಧವಾಯಿತು. ಈ ನಿಷೇಧವನ್ನು ದಂಡ ವಸೂಲಿಯ ಕಣ್ಣಿನಿಂದ ನೋಡುವವರೇ ಹೆಚ್ಚು. ಪೊಟ್ಟಣ ಕೊಂಡವನ ಕೈಗೆ ಸಹಾಯವಾಣಿಯೂ ಹೋಗುತ್ತದೆ ಎಂಬ ಅದರ ಇನ್ನೊಂದು ಪ್ರಯೋಜನವನ್ನು ಆರೋಗ್ಯ ಇಲಾಖೆಯೂ ಹೇಳಿದಂತಿಲ್ಲ.

ಹಾಗೆಂದು ಸಾವಿರಾರು ಚಿಕ್ಕ ಅಂಗಡಿಗಳ ಮೇಲೆ ದಿನವೂ ದಾಳಿ ಮಾಡುತ್ತ ಕೂರುವುದು ಸಾಧ್ಯವೂ ಅಲ್ಲ, ಬಡ ಅಂಗಡಿಕಾರನ ದೃಷ್ಟಿಯಿಂದ ನ್ಯಾಯವೂ ಅಲ್ಲ. ಪೊಟ್ಟಣ ಗಿರಾಕಿಯ ಕೈಗೆ ಹೋಗದಿದ್ದರೆ ಸಂಖ್ಯೆಯೇ ಅವನಿದ್ದಲ್ಲಿಗೆ ಬರಲಿ. ಮಗ್ಗದ ಶೆಡ್ಡಿನ ಬಾಗಿಲು, ಸಕ್ಕರೆ ಕಾರ್ಖಾನೆಯ ತೂಕದ ಮನೆ, ಬೆಲ್ಲದ ಪೇಟೆ, ಬಸ್ ನಿಲ್ದಾಣ, ಕ್ಷೌರದಂಗಡಿ, ಚಹಾದಂಗಡಿಗಳ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲು ಲಕ್ಷಾಂತರ ರೂಪಾಯಿ ಬೇಕಿಲ್ಲ. ಕಬ್ಬಿನ ತೂಕದ ಚೀಟಿಯ ಕೆಳಗೆ ಒಂದು ಸಾಲು ಅಚ್ಚು ಹಾಕಿಸಲು ಕಾರ್ಖಾನೆಗೆ ಹೆಚ್ಚಿನ ಖರ್ಚಿಲ್ಲ.

ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ಕೋಶ ಮತ್ತು ತಂಬಾಕು ವ್ಯಸನ ಬಿಡಿಸುವ ಕೇಂದ್ರಕ್ಕೆ ಅವಕಾಶವಿದೆ. ಆ ಕೋಶದ ಯಶಸ್ಸನ್ನು ಹಾಕಿದ ದಂಡದ ಮೊತ್ತದಿಂದ ಅಳೆಯುವ ರೂಢಿ ಬದಲಾಗಬೇಕು. ಈ ನಾಲ್ಕು ಊರುಗಳಿಂದ ಎಷ್ಟು ಮಂದಿ ಕರೆ ಮಾಡಿದರು, ಎಷ್ಟು ಮಂದಿಗೆ ಮರಳಿ ಕರೆ ಹೋಯಿತು, ಆರು ತಿಂಗಳ ನಂತರ ಎಷ್ಟು ಮಂದಿ ಬಿಟ್ಟೇ ಇದ್ದಾರೆ ಎಂಬ ಮೂರು ಅಂಕಿಗಳನ್ನು ತಾಲ್ಲೂಕುವಾರು ಪ್ರಕಟಿಸಿದರೆ ಜನರಿಗೂ ಅಧಿಕಾರಿಗಳಿಗೂ ಸತ್ಯ ತಿಳಿಯುತ್ತದೆ. ಹಂಗಾಮಿನ ತಿಂಗಳುಗಳಲ್ಲಿ ಸಹಾಯವಾಣಿಯ ವೇಳೆಯನ್ನು ರಾತ್ರಿ 10ರವರೆಗಾದರೂ ವಿಸ್ತರಿಸುವಂತೆ, ಸೋಮವಾರದ ರಜೆಯನ್ನು ಕೈಬಿಡುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಬೇಕು. ಕನ್ನಡದ ಸಂದೇಶಗಳನ್ನು ಬರೆಯುವಾಗ ಬೀಡಿ, ಮಾವಾ, ಮಗ್ಗ, ಕಬ್ಬುಗಳನ್ನು ಬಲ್ಲವರನ್ನು ಕೂಡಿಸಿಕೊಳ್ಳಬೇಕು.

ನಗರದಲ್ಲಿ ಕುಳಿತು ಇದನ್ನು ಓದುವವರೂ ಮಾಡಬಹುದಾದ ಒಂದು ಕೆಲಸವಿದೆ. ಊರಿನಲ್ಲಿರುವ ಅಪ್ಪ, ಕಾಕಾ, ಅಣ್ಣಂದಿರ ಮೊಬೈಲಿನಲ್ಲಿ 1800-11-2356 ಸಂಖ್ಯೆಯನ್ನು ಈ ಸಲ ಹಬ್ಬಕ್ಕೆ ಹೋದಾಗ ಉಳಿಸಿ ಬರುವುದು, ವಾರಕ್ಕೊಮ್ಮೆ ಕರೆ ಮಾಡಿದಾಗ ಬಿಟ್ಟಿರೋ ಎಂದು ಗದರದೆ ಹೇಗೆ ನಡೆದಿದೆ ಎಂದು ವಿಚಾರಿಸುವುದು. ಪೊಟ್ಟಣ ತಲುಪಿಸದ ಸಂಖ್ಯೆಯನ್ನು ಮನೆಯವರೇ ತಲುಪಿಸಬಹುದು.